ಬೆಳ್ಳಿಗೆ ಹೊರಟಿದ್ದ ಗುಂಡು

ಕಲಬುರಗಿ
11 ಮೇ 2025

ಪ್ರೀತಿಯ ದೋಸ್ತ,

ನಿನ್ನೆ ನಸುಕಿನಲ್ಲಿ ಮೂರೂವರೆಗೆ ಎದ್ದು ಮಾಳಿಗೆ ಹತ್ತಿದೆ. ಯಾಕೆ ಅಂತ ನಿನಗೆ ಗೊತ್ತಾಗಿರುತ್ತದೆ. ಸೋವಿಯತ್ ರಷ್ಯಾದ ಹಳೆಯ ಬಾಹ್ಯಾಕಾಶ ನೌಕೆ ಕಾಸ್ಮಾಸ್-482 ಭೂಮಿಗೆ ಬೀಳುವುದಿತ್ತು. ಮೊದಲು ಹೇಳಿದ ವೇಳೆಯೊಳಗೆ ನಮ್ಮ ನಸುಕೂ ಬರುತ್ತಿತ್ತು. ಆಮೇಲಿನ ಲೆಕ್ಕ ಹಗಲಿಗೆ ಸರಿಯಿತು, ಆದರೂ ಮಲಗಲು ಮನಸ್ಸಾಗಲಿಲ್ಲ. ಗಂಟೆಗೆ ಸುಮಾರು 28,000 ಕಿ.ಮೀ. ಓಡುವ ವಸ್ತು. ಲೆಕ್ಕ ಅರ್ಧ ಗಂಟೆ ಆಚೀಚೆ ಆದರೆ ಬೀಳುವ ಜಾಗ 14,000 ಕಿ.ಮೀ. ಆಚೆ!

ಅವ್ವ ಕೆಳಗಿಂದ ಎರಡು ಸಲ ಕೂಗಿದಳು. ಪಾಕಿಸ್ತಾನದ ಗಡಿಯ ಸುದ್ದಿ ಕೇಳಿ ಕೇಳಿ ಅವಳಿಗೆ ಈ ವಾರ ಆಕಾಶ ನೋಡುವುದೇ ಬೇಡವಾಗಿದೆ. "ಇದು ಬ್ಯಾರೆ ಅದ ಅವ್ವಾ, ನೀ ಮಲ್ಕೋ" ಅಂದೆ.

ಮಾಳಿಗೆಯ ಶಹಾಬಾದ್ ಕಲ್ಲಿನ ಫರ್ಸಿ ಆ ಹೊತ್ತಿಗೂ ಆರಿರಲಿಲ್ಲ. ಕೌದಿ ಹಾಸಿದರೂ ಕಾವು ಬೆನ್ನಿಗೆ ತಾಗುತ್ತಿತ್ತು. ಚಂದ್ರ ಮುಳುಗುವುದರಲ್ಲಿದ್ದ. ಆ ಕಡೆ, ಪೂರ್ವಕ್ಕೆ, ಬೆಳ್ಳಿ, ಅಂದರೆ ಶುಕ್ರ ಗ್ರಹ, ಮೂಡಿತ್ತು.

ಅದನ್ನು ನೋಡಿದ್ದೇ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. 1972ರ ಮಾರ್ಚ್ 31ಕ್ಕೆ ಈ ನೌಕೆ ಹೊರಟಿದ್ದೇ ಆ ಬೆಳ್ಳಿಗೆ, ಅಲ್ವಾ! ನಾಲ್ಕು ದಿನ ಮೊದಲು ಹೊರಟ ಅದರ ಜೋಡಿ ವೆನೆರಾ-8 ಜುಲೈನಲ್ಲಿ ಅಲ್ಲಿ ಇಳಿದೂ ಬಿಟ್ಟಿತು. ಇದರ ರಾಕೆಟ್ ಬೇಗ ಆರಿಹೋಯಿತು. ಭೂಮಿಯ ಹಿಡಿತ ಬಿಡಿಸಿಕೊಳ್ಳುವಷ್ಟು ವೇಗ ಸಿಗಲಿಲ್ಲ. ಅಂದಿನಿಂದ 53 ವರ್ಷ ನಮ್ಮನ್ನೇ ಸುತ್ತುತ್ತ, ಗಾಳಿಯ ಅಂಚು ತಾಗಿ ಇಷ್ಟಿಷ್ಟೇ ಇಳಿಯುತ್ತ ಬಂತು. ಉಳಿದಿದ್ದು ಒಂದು ಮೀಟರ್ ಅಗಲದ ಗುಂಡು, ಸುಮಾರು 500 ಕೆಜಿ. ಬೆಳ್ಳಿಯ ಬೇಗೆ ತಾಳಲೆಂದೇ ಮಾಡಿದ್ದು. ಅದಕ್ಕೇ ಚೂರಾಗದೆ ಇಡಿಯಾಗಿ ಕೆಳಗೆ ಬರಬಹುದು ಅನ್ನುತ್ತಿದ್ದರು. ಪಾಪ ಅನ್ನಿಸಿತು ನನಗೆ. ಕಬ್ಬಿಣಕ್ಕೆ, ತಗಡಿಗೆ ಯಾರಾದರೂ ಮರುಗುತ್ತಾರಾ ಅಂತ ಕೇಳಬೇಡ. ನಾನು ಮರುಗಿದೆ.

2022ರ ಯುಗಾದಿ ಸಂಜೆ ನೀನು ನಾಗಪುರದಿಂದ ಫೋನ್ ಮಾಡಿದ್ದು ನೆನಪಾಯಿತು. "ಉಲ್ಕೆ ಅಲ್ಲೋ, ಮೆಲ್ಲಕ ಹೊಂಟದ, ಹಿಂದ ಸಾಲಾಗಿ ಕಿಡಿ!" ಅಂತ ಕೂಗಿದ್ದೆ. ಉಲ್ಕೆಯಾದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯ. ಅದು ನೀನು ಮಾತಾಡಿ ಮುಗಿಸುವ ತನಕ ಉರಿಯುತ್ತಲೇ ಇತ್ತು. ಚೀನಾದ ರಾಕೆಟ್ಟಿನ ತುಂಡು ಅಂತ ಆಮೇಲೆ ತಿಳಿಯಿತು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಕಡೆ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ನಾನು ಅಂಗಳಕ್ಕೆ ಓಡಿ ಬಂದರೆ ಇಲ್ಲಿ ಬರೀ ಚುಕ್ಕಿ.

ನಿನ್ನೆಯೂ ಬರೀ ಚುಕ್ಕಿಯೇ. ಎರಡು ಉಪಗ್ರಹ ಹಾದುಹೋದವು. ಎರಡು ಸಲವೂ ಎದ್ದು ಕೂತೆ. ಸುಮ್ನೆ ಮಿನುಗುತ್ತ ಹೋದವು. ಐದಕ್ಕೆ ಬೆಳಕು ಹರಿಯಿತು, ಕೌದಿ ಮಡಚಿದೆ.

ಮಧ್ಯಾಹ್ನ ರೊಟ್ಟಿಗೆ ಕೂತಾಗ ಸುದ್ದಿ ಬಂತು. ನಮ್ಮ ಗಡಿಯಾರದಲ್ಲಿ 11 ಗಂಟೆ 54 ನಿಮಿಷಕ್ಕೆ, ಜಕಾರ್ತಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಬಿತ್ತು ಅಂತ ರಷ್ಯಾದವರು ಹೇಳಿದ್ದರು. ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೂತೆ.

ಇವತ್ತು ನಸುಕಿನಲ್ಲೂ ಎಚ್ಚರವಾಯಿತು. ಬೆಳ್ಳಿ ಅಲ್ಲೇ ಇತ್ತು. ನೀನೂ ಎದ್ದಿದ್ದೆಯಾ? ಬರೆ.

ನಿನ್ನ ದೋಸ್ತ