ಲೂನಾ ಚಾವಿ

ತೀರ್ಥರೂಪ ಅಪ್ಪಾಜಿಗೆ ನಮಸ್ಕಾರ.

ಹೀಗೆ ಶುರು ಮಾಡದಿದ್ದರೆ ನೀವು ಪತ್ರ ಪಕ್ಕಕ್ಕಿಡುತ್ತೀರಿ, ಗೊತ್ತು. ನಾವೆಲ್ಲ ಕ್ಷೇಮ. ಅವ್ವನ ಮೊಣಕಾಲು ಹೇಗಿದೆ? ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ಅರ್ಧಕ್ಕೇ ತಡೆದು ನನಗೇ ಪಾಠ ಶುರು ಮಾಡುತ್ತೀರಿ. ಈ ಸಲ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಮೂರು ವಾರದಿಂದ ನನ್ನ ಕ್ಲಾಸಿನಲ್ಲಿ ಕಾರ್ಯಾಂಗದ ಪಾಠ ನಡೆಯುತ್ತಿದೆ. ಹುಬ್ಬಳ್ಳಿಯಲ್ಲಿ ನೀವು ಪೌರನೀತಿ ಪುಸ್ತಕ ಹಿಡಿದು ಮಾಡುತ್ತಿದ್ದ ಅದೇ ಪಾಠ, ಊರು ಮಾತ್ರ ಅಮೆರಿಕದ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ಪಕ್ಕದ್ದು. ಇಲ್ಲಿ ಹೈಸ್ಕೂಲ್ ಮುಗಿಸಬೇಕಾದರೆ ಸರ್ಕಾರದ ಪಾಠ ಓದಲೇಬೇಕು, ಹಾಗಾಗಿ ಇಷ್ಟ ಇದ್ದವರೂ ಇರುತ್ತಾರೆ, ನಿದ್ದೆ ಮಾಡಲು ಬಂದವರೂ ಇರುತ್ತಾರೆ. ಮೊದಲ ದಿನ ಸಂವಿಧಾನದ ಎರಡನೇ ವಿಧಿ ಓದಿಸಿದೆ. ಅಧ್ಯಕ್ಷರ ಬಗ್ಗೆ ಇರುವುದು ಅದೇ, ಎಷ್ಟು ಚಿಕ್ಕದು ಅಂದರೆ ಒಂದೇ ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿ ಮುಗಿಸಿ ಹಾಜರಿಯನ್ನೂ ಕೂಗಬಹುದು. ಕಾರ್ಯಾಂಗದ ಅಧಿಕಾರ ಅಧ್ಯಕ್ಷರದ್ದು ಅಂತ ಮೊದಲ ಸಾಲಿನಲ್ಲೇ ಇದೆ. ಆ ಅಧಿಕಾರ ಎಲ್ಲಿ ಮುಗಿಯುತ್ತದೆ ಅಂತ ಸರಿಯಾಗಿ ಹೇಳಿಲ್ಲ. ಜಗಳ ಎಲ್ಲ ಅಲ್ಲೇ ಇರುವುದು.

ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ನೀವು ಅಧ್ಯಕ್ಷರಾಗಬಹುದಾ?" ಅಂದ. ಆಗಲ್ಲ ಅಂದೆ. 35 ವರ್ಷ ಆಗಿದೆ, 14 ವರ್ಷ ಇಲ್ಲಿ ಇದ್ದದ್ದೂ ಆಗಿದೆ, ಆದರೆ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ನಿಮ್ಮ ಮೊಮ್ಮಗಳಿಗೆ ಮಾತ್ರ ಅವಕಾಶ ಇದೆ, ಇಲ್ಲೇ ಹುಟ್ಟಿದವಳಲ್ವಾ. ಸದ್ಯಕ್ಕೆ ಅವಳು ಹಲ್ಲುಜ್ಜುವುದಕ್ಕೇ ವೀಟೋ ಹಾಕುತ್ತಿದ್ದಾಳೆ.

ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಎರಡನೇ ವಾರ ಒಬ್ಬ ಪೋಷಕರಿಂದ ಇಮೇಲ್ ಬಂತು. ನಮ್ಮ ಮಗುವಿಗೆ ಸರ್ಕಾರ ಕಲಿಸಿ, ರಾಜಕೀಯ ಬೇಡ ಅಂತ. ಜೊತೆಗೆ ನಾನು ಎಲ್ಲಿಯವಳು ಅನ್ನುವ ಒಂದು ಸಾಲು. ರಾತ್ರಿ ಸ್ವಲ್ಪ ಅತ್ತೆ. ಅವ್ವನಿಗೆ ಹೇಳಬೇಡಿ. ಬೆಳಿಗ್ಗೆ ಎದ್ದು ಒಂದು ಉಪಾಯ ಮಾಡಿದೆ. ಅಧ್ಯಕ್ಷರ ಹೆಸರು, ಪಕ್ಷ ಎರಡನ್ನೂ ಮುಚ್ಚಿಟ್ಟು, ಮಾಡಿದ ಕೆಲಸ ಮಾತ್ರ ಬೋರ್ಡಿನ ಮೇಲೆ ಬರೆಯುವುದು. ಸರಿಯೋ ತಪ್ಪೋ ಅಂತ ಮೊದಲು ಕೈ ಎತ್ತಬೇಕು, ಆಮೇಲೇ ಹೆಸರು. ಸೈನ್ಯದಲ್ಲಿ ಕರಿಯರು, ಬಿಳಿಯರು ಅಂತ ಬೇರೆ ಬೇರೆ ಇಡಬಾರದು ಅಂತ 1948ರಲ್ಲಿ ಒಬ್ಬರು ಸಹಿ ಹಾಕಿದರು, ಕಾಂಗ್ರೆಸ್ಸನ್ನು, ಅಂದರೆ ಇಲ್ಲಿನ ಸಂಸತ್ತನ್ನು, ಕೇಳಲಿಲ್ಲ. ಎಲ್ಲರೂ ಕೈ ಎತ್ತಿದರು. ಅದೇ ಮನುಷ್ಯ 1952ರಲ್ಲಿ ಇನ್ನೊಂದಕ್ಕೆ ಸಹಿ ಹಾಕಿ ದೇಶದ ಉಕ್ಕಿನ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡ. ಕೈಗಳು ಅರ್ಧಕ್ಕೇ ನಿಂತವು. ಪೆನ್ನು ಅದೇ ಅಲ್ವಾ!

ಟ್ರೂಮನ್. ಕಾರ್ಖಾನೆ ವಶದ ವಿರುದ್ಧ ಕಂಪನಿಗಳು ಕೋರ್ಟಿಗೆ ಹೋದವು, ಈ ಊರಿಗೆ ಆ ಕೇಸು ಬರೀ ಪುಸ್ತಕದ್ದಲ್ಲ. ಅದರ ಹೆಸರೇ ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ವಿರುದ್ಧ ಸಾಯರ್. ಸಾಯರ್ ಅಂದರೆ ಆಗಿನ ವಾಣಿಜ್ಯ ಮಂತ್ರಿ. ಕೊರಿಯಾ ಯುದ್ಧ ನಡೆಯುತ್ತಿತ್ತು. ಸಂಬಳ ಹೆಚ್ಚಿಸಿ ಅಂತ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾದರು. ಉಕ್ಕಿನ ಬೆಲೆ ಏರಿಸಲು ಬಿಡದಿದ್ದರೆ ಕೊಡಲ್ಲ ಅಂತ ಕಂಪನಿಗಳು. ಉಕ್ಕು ನಿಂತರೆ ಯುದ್ಧ ನಿಂತ ಹಾಗೆ ಅಂತ ಟ್ರೂಮನ್ ಏಪ್ರಿಲ್ 8ರಂದು ಆದೇಶ ಹೊರಡಿಸಿದರು. ಕಂಪನಿಗಳ ಯಜಮಾನರೇ ಸರ್ಕಾರದ ಪರವಾಗಿ ಕಾರ್ಖಾನೆ ನಡೆಸಬೇಕಂತೆ! ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ಜೂನ್ 2ಕ್ಕೆ 6-3ರಲ್ಲಿ ಟ್ರೂಮನ್ ಸೋತರು. ಒಂಬತ್ತು ನ್ಯಾಯಮೂರ್ತಿಗಳೂ ಟ್ರೂಮನ್ ಅಥವಾ ಅವರದೇ ಪಕ್ಷದ ಹಿಂದಿನ ಅಧ್ಯಕ್ಷ ರೂಸ್‌ವೆಲ್ಟ್ ನೇಮಿಸಿದವರೇ. ತಮ್ಮವರ ಕೈಯಲ್ಲೇ ಸೋತು, ಕೂಡಲೇ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು.

ಆ ತೀರ್ಪಿನಲ್ಲಿ ಜ್ಯಾಕ್ಸನ್ ಅನ್ನುವ ನ್ಯಾಯಮೂರ್ತಿ ಅಧ್ಯಕ್ಷರ ಅಧಿಕಾರವನ್ನು ಮೂರು ಮೆಟ್ಟಿಲು ಮಾಡಿ ಬರೆದಿದ್ದಾರೆ. ಅದನ್ನು ಹೇಳಿದರೆ ಮಕ್ಕಳ ಕಣ್ಣು ಮುಚ್ಚುತ್ತಿದ್ದವು. ಆಗ ನಮ್ಮ ಲೂನಾ ಮೊಪೆಡ್ ನೆನಪಾಯಿತು. ಬೋರ್ಡಿನ ಮೇಲೆ ಚಿತ್ರ ಬರೆದೆ. ಸೈಕಲ್ಲಿಗೆ ಹೊಟ್ಟೆನೋವು ಬಂದ ಹಾಗಿತ್ತು, ನಕ್ಕರು. ಹೇಳಿದೆ: ನಮ್ಮ ಅಪ್ಪಾಜಿ ತಮ್ಮನ ಕೈಗೆ ಚಾವಿ ಕೊಟ್ಟು, ಹೋಗಿ ಜೋಳ ಬೀಸಿಸಿಕೊಂಡು ಬಾ ಅಂದರೆ, ಅವನು ಹುಬ್ಬಳ್ಳಿಯ ರಾಜ. ಯಾರೂ ಕೇಳುವ ಹಾಗಿಲ್ಲ. ಇನ್ನೊಂದು ದಿನ ಅಪ್ಪಾಜಿ ಮಧ್ಯಾಹ್ನ ಮಲಗಿದ್ದಾರೆ, ತಗೋ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ, ಚಾವಿ ಮೊಳೆಗೆ ನೇತಾಡುತ್ತಿದೆ. ಆಗ ತೆಗೆದುಕೊಂಡು ಹೋದರೆ ಸಿಕ್ಕಿಬೀಳಬಹುದು, ಬೀಳದೇ ಇರಬಹುದು. ಮೂರನೆಯದು, ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡ ಅಂದಿದ್ದರೂ ಉಣಕಲ್ ಕೆರೆ ತನಕ ಹೋಗಿ ಬಂದದ್ದು. ಅವತ್ತು ಅವನಿಗೆ ಏನಾಯಿತು ಅಂತ ಕೂಡ ಹೇಳಿದೆ, ಕ್ಷಮಿಸಿ. ಅಪ್ಪಾಜಿ ಅಂದರೆ ಕಾಂಗ್ರೆಸ್, ತಮ್ಮ ಅಂದರೆ ಅಧ್ಯಕ್ಷರು; ಟ್ರೂಮನ್ ನಿಂತದ್ದು ಮೂರನೇ ಮೆಟ್ಟಿಲಲ್ಲಿ. ಮುಷ್ಕರಕ್ಕೆ ಏನು ಮಾಡಬೇಕು ಅಂತ ಕಾಂಗ್ರೆಸ್ 1947ರಲ್ಲೇ ಕಾನೂನು ಮಾಡಿತ್ತು, ವಶಪಡಿಸಿಕೊಳ್ಳುವ ದಾರಿ ಬೇಡ ಅಂತ ಆಗಲೇ ಬಿಟ್ಟಿತ್ತು.

ಈಗ ಕ್ಲಾಸಿನಲ್ಲಿ ಎಲ್ಲದಕ್ಕೂ ಲೂನಾ. ವೀಟೋ ಬಂದರೂ "ಇದು ಎಷ್ಟನೇ ಲೂನಾ ಮಿಸ್?" ಅನ್ನುತ್ತಾರೆ. ಯುದ್ಧದ ಪಾಠ ಬಂದಾಗ ಒಬ್ಬಳು ಕೇಳಿದಳು, "ಅಪ್ಪ ಏಳಲೇ ಇಲ್ಲ ಅಂದರೆ?" ಸರಿಯಾಗಿ ಹಿಡಿದಳು. ಯುದ್ಧ ಸಾರುವ ಅಧಿಕಾರ ಇಲ್ಲಿ ಕಾಂಗ್ರೆಸ್ಸಿನದು, ಅದು ಕೊನೆಯ ಸಲ ಯುದ್ಧ ಸಾರಿದ್ದು 1942ರಲ್ಲಿ. ಆಮೇಲೆ ಕೊರಿಯಾ, ವಿಯೆಟ್ನಾಂ, ಎಲ್ಲ ಎಷ್ಟು ಆಯಿತು ನೀವೇ ಎಣಿಸಿ. 1973ರಲ್ಲಿ ಕಾಂಗ್ರೆಸ್ ಎದ್ದು ಕೂತು, ನಾವು ಒಪ್ಪದಿದ್ದರೆ 60 ದಿನಕ್ಕೆ ಸೈನ್ಯ ವಾಪಸ್ ಕರೆಸಬೇಕು ಅಂತ, ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರೂ ಕೇಳದೆ ಕಾನೂನು ಮಾಡಿತು. ಮಧ್ಯೆ ಮಧ್ಯೆ ಮತ್ತೆ ಗೊರಕೆ. ಅಧ್ಯಕ್ಷರು ಎಷ್ಟು ದೊಡ್ಡವರು ಅನ್ನುವುದು ಎರಡನೇ ವಿಧಿಯಲ್ಲಿಲ್ಲ, ಉಳಿದವರು ಎಷ್ಟು ಎಚ್ಚರ ಇದ್ದಾರೆ ಅನ್ನುವುದರಲ್ಲಿದೆ ಅಂತ ನನಗೆ ಅನ್ನಿಸಿತ್ತು.

ಅಂದುಕೊಂಡು ಎರಡು ದಿನ ಆಗಿರಲಿಲ್ಲ, ಅದೇ ಹುಡುಗಿ 1942ರ ಇನ್ನೊಂದು ಆದೇಶ ಓದಿಕೊಂಡು ಬಂದಳು. ರೂಸ್‌ವೆಲ್ಟ್ ಸಹಿ. ಪಶ್ಚಿಮ ಕರಾವಳಿಯ ಜಪಾನೀ ಮೂಲದವರು ಸುಮಾರು 1,20,000 ಜನ, ಮನೆ ಮಠ ಬಿಟ್ಟು ಮುಳ್ಳುತಂತಿಯ ಒಳಗೆ. ಹೆಚ್ಚಿನವರು ಇಲ್ಲಿನ ಪ್ರಜೆಗಳೇ. "ಮಿಸ್, ಕಾಂಗ್ರೆಸ್ ಅದಕ್ಕೆ ಕಾನೂನು ಮಾಡಿ ಬೆಂಬಲ ಕೊಟ್ಟಿತು. ಕೋರ್ಟ್ ಕೂಡ 1944ರಲ್ಲಿ ಸರಿ ಅಂತು. ಅಪ್ಪ ಎಚ್ಚರ ಇದ್ದೇ ಚಾವಿ ಕೊಟ್ಟಿದ್ದಾನೆ. ಇದು ಒಂದನೇ ಲೂನಾ, ಅಲ್ವಾ?" ಹೌದು ಅಂದೆ. ಮುಂದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. 1988ರಲ್ಲಿ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟರು ಅಂತ ಹೇಳಿ ಬೆಲ್ ಹೊಡೆಯುವ ತನಕ ತಳ್ಳಿದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಅಪ್ಪಾಜಿ? ನಿಜವಾಗಿ ಕೇಳುತ್ತಿದ್ದೇನೆ.

ಇನ್ನೊಬ್ಬ ಹುಡುಗ ಇದ್ದಾನೆ, ವರ್ಷವಿಡೀ ಬಾಯಿ ಬಿಟ್ಟವನಲ್ಲ. ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಬಂದು ಮೇಜಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇಟ್ಟ. ನಮ್ಮ ಹಳೇ ರೂಪಾಯಿಗಿಂತ ಸ್ವಲ್ಪ ದೊಡ್ಡದು, ಮೇಲೆ ತೂತು, ನಡುವೆ ಕುಟ್ಟಿ ಮೂಡಿಸಿದ ನಂಬರು. ಅಂಚು ಸವೆದು ಬಟಾಣಿ ಸಿಪ್ಪೆಯ ಹಾಗೆ ನುಣ್ಣಗಾಗಿತ್ತು. ಅವನ ಮುತ್ತಜ್ಜನದು, ಶೀಟ್ ಅಂಡ್ ಟ್ಯೂಬ್ ಕಾರ್ಖಾನೆಯದು. ಒಳಗೆ ಹೋಗುವಾಗ ಇದನ್ನು ತೋರಿಸಬೇಕಿತ್ತಂತೆ. ಸರ್ಕಾರ ಕಾರ್ಖಾನೆ ತಗೊಂಡಾಗ ಮುತ್ತಜ್ಜನಿಗೆ ಖುಷಿಯೋ ಖುಷಿ, ಸಂಬಳ ಏರುತ್ತದೆ ಅಂತ. ಕೋರ್ಟ್ ತೀರ್ಪು ಬಂತು, ಮುಷ್ಕರ ಶುರುವಾಯಿತು, 53 ದಿನ. ಮನೆಯಲ್ಲಿ ನಾಲ್ಕು ಮಕ್ಕಳು. "ಗೆದ್ದದ್ದು ಸಂವಿಧಾನ ಅಂತ ನೀವು ಅಂದಿರಿ ಮಿಸ್. ನಮ್ಮ ಮನೆಯಲ್ಲಿ ಆ ಕಥೆ ಹಾಗೆ ಹೇಳಲ್ಲ" ಅಂದ. ಬಾಗಿಲ ತನಕ ಹೋಗಿ ತಿರುಗಿ, "1977ರಲ್ಲಿ ಅದೇ ಕಾರ್ಖಾನೆ ಮುಚ್ಚುವಾಗ ಯಾವ ಅಧ್ಯಕ್ಷನೂ ಬರಲಿಲ್ಲ" ಅಂತ ಸೇರಿಸಿದ. ಆ ವರ್ಷ ಸೆಪ್ಟೆಂಬರ್ 19, ಸೋಮವಾರ, ಸುಮಾರು 5,000 ಜನರ ಕೆಲಸ ಹೋಯಿತು. ಇಲ್ಲಿ ಇವತ್ತಿಗೂ ಕರಾಳ ಸೋಮವಾರ ಅನ್ನುತ್ತಾರೆ.

ಬಿಲ್ಲೆ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾನೆ, ಸೋಮವಾರ ಎಲ್ಲರಿಗೂ ತೋರಿಸಿ ಅಂತ.

ಈಗ ನಿಮಗೆ ಕೆಲಸ. ಭಾರತದ ರಾಷ್ಟ್ರಪತಿಗಳ ಬಗ್ಗೆ ಹೇಳಿದಾಗ ಇವರು ತಬ್ಬಿಬ್ಬಾದರು. 53ನೇ ವಿಧಿ ಎಲ್ಲ ಅಧಿಕಾರ ಕೊಡುತ್ತದೆ, 74ನೇ ವಿಧಿ ಬಂದು ಮಂತ್ರಿಗಳು ಹೇಳಿದ ಹಾಗೆ ನಡೆಯಿರಿ ಅನ್ನುತ್ತದೆ. "ಹಾಗಾದರೆ ಅವರ ಸಹಿಗೆ ಏನು ಬೆಲೆ?" ಅಂದರು. ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿಯವರ ಕಥೆ ಹೇಳಿದೆ. 1989ರ ಏಪ್ರಿಲ್ 21, ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಬಿಡಲಿಲ್ಲ, ರಾಷ್ಟ್ರಪತಿಗಳ ಒಂದು ಸಹಿಗೆ ಸರ್ಕಾರವೇ ಹೋಯಿತು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ನೋಡಬೇಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್‌ನಲ್ಲಿ. ಟ್ರೂಮನ್ ಕೇಸಿಗೆ ಎರಡು ತಿಂಗಳೂ ಬೇಕಾಗಲಿಲ್ಲ, ನಮ್ಮದಕ್ಕೆ ಐದು ವರ್ಷ. "ಅವರಿಗೆ ಕುರ್ಚಿ ವಾಪಸ್ ಸಿಕ್ಕಿತಾ?" ಅಂತ ಕೇಳಿದ್ದು ಅದೇ ಬಿಲ್ಲೆಯ ಹುಡುಗ. ಇಲ್ಲ ಅಂದೆ. ತಲೆ ಆಡಿಸಿದ.

ತೀರ್ಪು ಬಂದ ಮರುದಿನದ ಪೇಪರ್ ನೀವು ಕತ್ತರಿಸಿ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದಿರಿ, ಮನೆಪತ್ರಗಳ ಕೆಳಗೆ. ಇಲಿ ತಿನ್ನದಿದ್ದರೆ ಒಂದು ಫೋಟೋ ತೆಗೆದು ಕಳಿಸಿ. ತಮ್ಮನ ಕೈಯಲ್ಲಿ ತೆಗೆಸಿ, ನೀವು ತೆಗೆದರೆ ಬೆರಳೇ ಬರುತ್ತದೆ. ಲೂನಾ ವಿಷಯ ಅವನಿಗೆ ಹೇಳಬೇಡಿ.

ಬಿಪಿ ಮಾತ್ರೆ ತಪ್ಪಿಸಬೇಡಿ. ಅವ್ವನಿಗೆ ಶೇಂಗಾ ಚಟ್ನಿಪುಡಿ ಮುಗಿಯಿತು ಅಂತ ಹೇಳಿ.

ಇಂತಿ ನಿಮ್ಮ ಮಗಳು