ಮರ ನಮ್ಮದಾದರೆ ಹತ್ತಿದವನ ಹೊಣೆಯೂ ನಮ್ಮದೇ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಇನ್ನು ಕೆಲವೇ ವಾರಗಳು ಉಳಿದಿರುವ ಈ ದಿನಗಳಲ್ಲಿ ಮಲೆನಾಡಿನ ಊರೂರಲ್ಲೂ ಮರ ಕೊಯ್ಯುವ ಮಿಷನ್ನಿನ ಸದ್ದು ಬೆಳಗಿನಿಂದಲೇ ಕೇಳಿಬರುತ್ತಿದೆ. ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತಿದೆ. ಮನೆಯ ಮೇಲೋ ಕೊಟ್ಟಿಗೆಯ ಮೇಲೋ ಬಾಗಿದ ಮಾವು, ಹಲಸು, ಸಿಲ್ವರ್ ಓಕ್ ಮರಗಳನ್ನು ಗಾಳಿಮಳೆ ಹಿಡಿಯುವ ಮೊದಲೇ ಇಳಿಸಿಬಿಡಬೇಕೆಂಬ ಆತುರ ಎಲ್ಲರಿಗೂ ಇದೆ. ಆ ಆತುರದಲ್ಲಿ ನಾವು, ಅಂದರೆ ಮರದ ಯಜಮಾನರು, ಕೂಲಿ ಎಷ್ಟು, ಸೌದೆ ಯಾರಿಗೆ ಎಂಬುದನ್ನಷ್ಟೇ ಮಾತಾಡಿ ಮುಗಿಸುತ್ತೇವೆ. ಮೇಲೆ ಹತ್ತುವವನ ಸೊಂಟಕ್ಕೆ ಹಗ್ಗವಿದೆಯೇ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅದಕ್ಕಾಗಿಯೇ ಈ ಪತ್ರ.

ಮೂರು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ನಮ್ಮ ಕೊಟ್ಟಿಗೆಯ ಹಿಂದಿನ ಕಾಟುಮಾವಿನ ಮರದಿಂದ ಹಂಚಿನ ಮೇಲೆ ಚಾಚಿದ್ದ ದಪ್ಪ ಕೊಂಬೆಯೊಂದನ್ನು ತೆಗೆಸಿದೆ. ಬಂದವನು ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡಿದವನು. ಅವನ ಧೈರ್ಯವನ್ನೇ ನಾನು ಅವನ ರಕ್ಷಣೆ ಎಂದುಕೊಂಡುಬಿಟ್ಟಿದ್ದೆ. ಕವಲಿನಲ್ಲಿ ಒಂದು ಕಾಲು, ಕೊಯ್ಯುವ ಕೊಂಬೆಯ ಮೇಲೆ ಇನ್ನೊಂದು ಕಾಲು ಊರಿ, ಮೇಲಿನಿಂದ ಒಂದೇ ಸಮನೆ ಕೊಯ್ಯುತ್ತಾ ಬಂದ. ಕೊಂಬೆ ಅರ್ಧ ದಾಟುತ್ತಲೇ ತನ್ನ ಭಾರಕ್ಕೆ ತಾನೇ ಕುಸಿದು, ಕೆಳಗಿನ ತೊಗಟೆಯನ್ನು ಮರದ ತಿರುಳಿನ ಸಮೇತ ಎರಡು ಮೊಳ ಉದ್ದಕ್ಕೆ ಸುಲಿದುಕೊಂಡು ಜೋತುಬಿತ್ತು. ಅದರ ಬುಡ ಹಿಂದಕ್ಕೆ ತೂಗಿ ಬಂದು ಅವನ ತೊಡೆಗೆ ಬಡಿಯಿತು. ಕೆಳಗಿನ ಕೊಂಬೆಗೆ ಸಿಕ್ಕಿಕೊಂಡಿದ್ದರಿಂದ ಜೀವ ಉಳಿಯಿತು, ತೊಡೆಮೂಳೆ ಮುರಿಯಿತು. ಕೆಳಗೆ ನಿಂತು "ಇನ್ನೂ ಸ್ವಲ್ಪ ಬುಡಕ್ಕೆ ತೆಗಿ ಮಾರಾಯ" ಎಂದು ಕೈ ತೋರಿಸುತ್ತಿದ್ದವನು ನಾನೇ. ಅವನು ಎಂಟು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ. ಸೀಳಿದ ಜಾಗದಲ್ಲಿ ಎರಡನೆಯ ಮಳೆಗಾಲಕ್ಕೆ ಅಣಬೆ ಎದ್ದಿತು, ಈಗ ಅಲ್ಲಿ ಬೆರಳಿಟ್ಟರೆ ಮರ ಪುಡಿಪುಡಿಯಾಗಿ ಉದುರುತ್ತದೆ.

ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದೇನೆಂದರೆ, ಕೆಳಗಿನಿಂದ ಹಾಕುವ ಒಂದೇ ಒಂದು ಕಚ್ಚು ಅವನ ಕಾಲನ್ನೂ ಉಳಿಸುತ್ತಿತ್ತು, ಮರವನ್ನೂ ಉಳಿಸುತ್ತಿತ್ತು. ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಮೊದಲನೆಯದು, ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಗರಗಸ ಕೊಂಬೆಯೊಳಗೆ ಸಿಕ್ಕಿಹಾಕಿಕೊಳ್ಳುವ ಮೊದಲೇ ನಿಲ್ಲಿಸಬೇಕು. ಎರಡನೆಯದು ಅದಕ್ಕಿಂತ ಎರಡು ಮೂರು ಇಂಚು ಹೊರಗೆ, ಮೇಲಿನಿಂದ ಕೆಳಕ್ಕೆ. ಆಗ ಕೊಂಬೆ ಮುರಿದರೂ ಸೀಳು ಕೆಳಗಿನ ಕಚ್ಚಿನಲ್ಲೇ ನಿಂತುಹೋಗುತ್ತದೆ, ಕಾಂಡದವರೆಗೆ ಬರುವುದಿಲ್ಲ. ಮೂರನೆಯದರಲ್ಲಿ ಉಳಿದ ಮೋಟನ್ನು ತೆಗೆಯಬೇಕು. ಕೊಂಬೆ ಕಾಂಡವನ್ನು ಕೂಡುವಲ್ಲಿ ಬಳೆಯಂತೆ ಉಬ್ಬಿರುವ ಭಾಗವನ್ನು ಮುಟ್ಟದೆ, ಅದರ ಹೊರ ಅಂಚಿಗೆ ಕೊಯ್ಯಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ಸವರಿದರೆ ಚೆಂದ ಕಾಣುತ್ತದೆಂದು ನಮ್ಮಲ್ಲಿ ಬಹಳ ಮಂದಿ ಹಾಗೆಯೇ ಮಾಡಿಸುತ್ತಾರೆ. ಆದರೆ ಗಾಯವನ್ನು ಸುತ್ತಲಿಂದ ಮುಚ್ಚುವ ಶಕ್ತಿ ಇರುವುದೇ ಆ ಉಬ್ಬಿನಲ್ಲಿ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ: ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಅದನ್ನು ಒಳಗೇ ಬಂಧಿಸಿಡುತ್ತದೆ, ಅಷ್ಟೆ. ಕೊಯ್ದ ಜಾಗಕ್ಕೆ ಟಾರು, ಪೇಂಟು ಬಳಿಯುವುದರಿಂದ ಕೊಳೆಯುವುದು ತಪ್ಪುವುದಿಲ್ಲ.

ಹಾಗೆಯೇ, ಗಾಳಿಗೆ ಬೀಳದಿರಲಿ ಎಂದು ಮರದ ತಲೆಯನ್ನೇ ಹಾರಿಸಿ ಮೋಟು ನಿಲ್ಲಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. ಮೋಟಿನ ತುದಿಯಿಂದ ಗುಂಪಾಗಿ ಚಿಗುರುವ ಹೊಸ ಕೊಂಬೆಗಳಿಗೆ ಹಳೆಯ ಕೊಂಬೆಗಳಂಥ ಗಟ್ಟಿ ಬುಡವಿರುವುದಿಲ್ಲ, ಕೆಳಗಿನ ಮೋಟು ಕೊಳೆಯುತ್ತಿರುತ್ತದೆ, ನಾಲ್ಕೈದು ವರ್ಷಗಳಲ್ಲಿ ಮೊದಲಿಗಿಂತ ಹೆಚ್ಚಿನ ಅಪಾಯ ಸೂರಿನ ಮೇಲೆ ಬಂದು ನಿಲ್ಲುತ್ತದೆ. ಒಣಗಿದ್ದು, ಉಜ್ಜಾಡುವುದು, ಮಾಡಿನ ಮೇಲೆ ಬಂದದ್ದು, ಇಷ್ಟನ್ನು ತೆಗೆದರೆ ಎಷ್ಟೋ ಮರಗಳನ್ನು ಕಡಿಯಬೇಕಾಗಿಯೇ ಇಲ್ಲ. ಹಸಿರು ತಲೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ಒಂದೇ ವರ್ಷದಲ್ಲಿ ತೆಗೆಯಬಾರದು.

ಬುಡಸಮೇತ ಕಡಿಯಲೇಬೇಕಾದ ಮರದ ಮಾತು ಬೇರೆ. ಬೀಳಿಸಬೇಕಾದ ದಿಕ್ಕಿಗೆ ಬಾಯಿ ತೆರೆದಂತೆ ಮೊದಲು ಒಂದು ಕಚ್ಚು ತೆಗೆಯಬೇಕು. ಅದರ ಆಳ ಬುಡದ ಅಡ್ಡಳತೆಯ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗದಷ್ಟು ಸಾಕು. ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರಬೇಕು. ಆದರೆ ಎರಡೂ ಕಚ್ಚುಗಳ ನಡುವೆ ಅಡ್ಡಳತೆಯ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಆ ಪಟ್ಟಿ ಹಾಗೆ. ಅದನ್ನೂ ಕೊಯ್ದುಬಿಟ್ಟರೆ ಮರ ಯಾವ ಕಡೆಗೆ ತಿರುಗೀತೆಂದು ಹೇಳಲು ಬರುವುದಿಲ್ಲ. ಮೊದಲೇ ಒಂದು ಕಡೆ ವಾಲಿದ ಮರವಂತೂ ಹಿಂದಿನಿಂದ ಕೊಯ್ಯುತ್ತಿರುವಾಗಲೇ ಬುಡದಿಂದ ಮೇಲಕ್ಕೆ ಉದ್ದುದ್ದ ಸೀಳಿ ಕೊಯ್ಯುವವನ ಎದೆಗೋ ಮುಖಕ್ಕೋ ಬಡಿಯಬಲ್ಲದು. ಅಂಥ ಮರವನ್ನು, ಒಳಗೆ ಟೊಳ್ಳಾದ ಮರವನ್ನು, ಗಾಳಿಗೆ ಬೇರು ಕಿತ್ತು ಇನ್ನೊಂದಕ್ಕೆ ಒರಗಿ ನಿಂತ ಮರವನ್ನು ಪಳಗಿದವರಲ್ಲದೆ ಬೇರೆ ಯಾರೂ ಮುಟ್ಟಬಾರದು. ಮರ ಅಲುಗಿದ ಕೂಡಲೇ ಸರಿದುಹೋಗಲು ಹಿಂಬದಿಗೆ ಓರೆಯಾಗಿ ದಾರಿಯನ್ನು ಮೊದಲೇ ಸವರಿಟ್ಟಿರಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಮಕ್ಕಳಿರಲಿ, ದನವಿರಲಿ, ನೋಡಲು ಬಂದ ನೆಂಟರಿರಲಿ, ಯಾರನ್ನೂ ಬಿಡಬಾರದು. ಹಗ್ಗ ಎಳೆಯುವವರು ಮರ ಬೀಳುವ ಜಾಗದಲ್ಲೇ ನಿಂತು ಎಳೆಯುವುದನ್ನು ನಮ್ಮ ಕಡೆ ಇಂದಿಗೂ ಕಾಣಬಹುದು. ಹಗ್ಗ ಮರದ ಎತ್ತರಕ್ಕಿಂತ ಸಾಕಷ್ಟು ಉದ್ದವಿದ್ದರೆ ಈ ಸಾಹಸದ ಅಗತ್ಯವೇ ಬರುವುದಿಲ್ಲ.

ವಿದ್ಯುತ್ ತಂತಿಯ ಹತ್ತಿರದ ಮರವನ್ನಂತೂ ನಾವೇ ಮುಟ್ಟಕೂಡದು. ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ, ತಂತಿಗೆ ತಾಗಿದ ಕೊಂಬೆಯನ್ನು ಹಿಡಿದವನಿಗೆ ಮರದ ಹಿಡಿಯ ಕತ್ತಿಯಿಂದಲೂ ರಕ್ಷಣೆಯಿಲ್ಲ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ಲೈನ್ ಕ್ಲಿಯರ್, ಅಂದರೆ ಆ ತಂತಿಯ ಕರೆಂಟು ಕಡಿದ ಖಾತರಿ, ತೆಗೆದುಕೊಂಡು ಹೇಳುವವರೆಗೆ ಕಾಯಬೇಕು. ಮನೆಯ ಫ್ಯೂಸ್ ತೆಗೆದ ಮಾತ್ರಕ್ಕೆ ಕಂಬದ ತಂತಿ ಸತ್ತಂತಲ್ಲ.

ಕಾನೂನಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಜಾಗ ನಮ್ಮದು, ಮರ ನಮ್ಮದು, ಕೇಳುವವರು ಯಾರು ಎನ್ನುತ್ತೇವೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸುತ್ತ ತೊಗಟೆ ಸುಲಿದು ಒಣಗಿಸುವುದೂ ಕಡಿದಂತೆಯೇ ಲೆಕ್ಕ. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು, ಮಾವು ಹಲಸುಗಳ ವಿಷಯವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಅರ್ಜಿ ಕೊಟ್ಟು ಕಾಯುವ ದಿನಗಳಲ್ಲಿ ಪೊಟರೆಗಳನ್ನೂ ಗಮನಿಸಬಹುದು. ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕಾವು ಕೂರುವುದು ಬೇಸಿಗೆಯಲ್ಲೇ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ್ದನ್ನೆಲ್ಲ ಯಜಮಾನ ಓದಿಕೊಂಡರೆ ಸಾಲದು, ಹತ್ತುವವನ ಕೈಗೆ ಅದು ತಲುಪಬೇಕು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರ ಹತ್ತುವವರಿಗೆಂದು ತರಬೇತಿ ಆರಂಭಿಸಿ, ಹತ್ತುವ ಯಂತ್ರವನ್ನೂ ಅಪಘಾತ ವಿಮೆಯನ್ನೂ ಕೊಟ್ಟಿತು. ಕವಲೊಡೆದ ದೊಡ್ಡ ಮರಗಳನ್ನು ಹತ್ತುವವರಿಗೂ ಅಂಥದ್ದೊಂದು ವ್ಯವಸ್ಥೆ ಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸತ್ತರೆ 2 ಲಕ್ಷ ರೂಪಾಯಿ ಬರುತ್ತದೆ, ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರವಿದೆ. ಪ್ರತಿಯೊಬ್ಬ ಯಜಮಾನನೂ ತನ್ನಲ್ಲಿಗೆ ಬರುವವನಿಗೆ ಅದನ್ನು ಮಾಡಿಸಿಕೊಡಬೇಕು. ಆದರೆ ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದವನ ಮನೆಗೆ ಅದರಿಂದ ಅಕ್ಕಿ ಬರುವುದಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟು ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದ ನನಗೆ ಇದನ್ನು ತಿಳಿಸಿಕೊಟ್ಟವಳು ಅವನ ಹೆಂಡತಿ. ಮೂರನೆಯ ತಿಂಗಳು ಅಂಗಳಕ್ಕೆ ಬಂದು, ಏನನ್ನೂ ಕೇಳದೆ, "ಅಯ್ಯಾ, ಅವ್ರು ಎದ್ದು ನಿಲ್ಲೋವರ್ಗೂ ನನಗೇ ಏನಾದ್ರೂ ಕೆಲ್ಸ ಕೊಡಿ" ಎಂದಳು.

ಆದ್ದರಿಂದ ಗ್ರಾಮ ಪಂಚಾಯಿತಿಗಳಲ್ಲಿಯೂ ಬೆಳೆಗಾರರ ಸಂಘಗಳಲ್ಲಿಯೂ ನನ್ನ ವಿನಂತಿ ಇಷ್ಟು. ಪ್ರತಿ ಪಂಚಾಯಿತಿಯೂ ಎರಡು ಜೊತೆ ಸೊಂಟಪಟ್ಟಿ, ಹೆಲ್ಮೆಟ್, ಕನ್ನಡಕ, ಭಾರ ತಡೆಯುವ ಒಳ್ಳೆಯ ಹಗ್ಗಗಳನ್ನು ಕೊಂಡಿಟ್ಟು ದಿನಬಾಡಿಗೆಗೆ ಕೊಡಲಿ. ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ಕೆಲಸ ಮಾಡುವವನಿಗೆ ಅರ್ಧ ದಿನ ಹೆಚ್ಚು ಹಿಡಿದರೆ ಆ ಕೂಲಿಯನ್ನು ನಾವು ಗೊಣಗದೆ ಕೊಡೋಣ. ಮುಂದಿನ ವರ್ಷ ಮರಗಸಿ ಆರಂಭವಾಗುವ ಮೊದಲು, ತೊಗಟೆ ಒಣಗಿರುವ ಜನವರಿ ಫೆಬ್ರವರಿಯಲ್ಲಿ, ಒಂದು ದಿನದ ತರಬೇತಿಯನ್ನು ಏರ್ಪಡಿಸಲಿ. ಕೊಯ್ದು ತೋರಿಸಲು ಮರ ಬೇಕಲ್ಲವೇ ಎನ್ನುವುದಾದರೆ, ನಮ್ಮ ತೋಟದ ಅಂಚಿನಲ್ಲಿ ಒಣಗಿ ನಿಂತ ಸಿಲ್ವರ್ ಓಕ್ ಮರವೊಂದಿದೆ. ಸುತ್ತ ಬಯಲಿದೆ, ಹತ್ತಿರ ತಂತಿಯಿಲ್ಲ. ಆ ಮರವನ್ನೂ ಬಂದವರ ಮಧ್ಯಾಹ್ನದ ಊಟವನ್ನೂ ನಾನು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೆಳೆಗಾರ,
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ