ಗೆಳೆಯನಿಗೊಂದು ಪತ್ರ: ಕೊನೆಗೆ ಉಳಿದ ಏಳು ಮಂದಿ

ಪ್ರಿಯ ಗೆಳೆಯ,

ಅಮೆರಿಕದ ಸ್ಥಳೀಯರು ಕೆಲಸವಿಲ್ಲದೆ ಕುಳಿತಿರುವಾಗ ಅಲ್ಲಿನ ಹೊಲಗಳ ಕೂಲಿಯೆಲ್ಲ ಮೆಕ್ಸಿಕೋದಿಂದ ಬಂದವರ ಪಾಲಾಗುವುದು ಯಾವ ನ್ಯಾಯ ಎಂದು ಕಳೆದ ಪತ್ರದಲ್ಲಿ ನೀನು ಕೇಳಿದ್ದೆ. ಉತ್ತರ ತಡವಾಯಿತು, ಕ್ಷಮಿಸು.

ಹಂಗಾಮಿನ ಕೃಷಿ ಕೆಲಸಕ್ಕೆಂದು ಕೊಡುವ ಎಚ್-2ಎ ವೀಸಾದ ಮೇಲೆ ಹೊರಗಿನವರನ್ನು ಕರೆಸುವ ಬೆಳೆಗಾರ ಮೊದಲು ಸ್ಥಳೀಯರನ್ನು ಹುಡುಕಲೇಬೇಕೆಂಬುದು ಅಲ್ಲಿನ ಕಾನೂನು. 2011ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸುಮಾರು 4,89,000 ನಿರುದ್ಯೋಗಿಗಳಿದ್ದಾಗ, ಬೆಳೆಗಾರರ ಸಂಘವೊಂದರಲ್ಲಿ ಸುಮಾರು 6,500 ಕೆಲಸಗಳು ಖಾಲಿಯಿದ್ದವು. ಅರ್ಜಿ ಹಾಕಿದ ಸ್ಥಳೀಯರು 268 ಮಂದಿ; ಅವರಲ್ಲಿ 245 ಮಂದಿಗೆ ಕೆಲಸ ಸಿಕ್ಕಿತು, ಮೊದಲ ದಿನ ಹಾಜರಾದವರು 163, ಹಂಗಾಮು ಮುಗಿಯುವವರೆಗೆ ಉಳಿದವರು 7.

ಇದನ್ನೋದಿ ಸ್ಥಳೀಯರನ್ನು ಮೈಗಳ್ಳರೆಂದು ಜರೆಯುವವರೊಂದಿಗೆ ನಾನಿಲ್ಲ. ಹೊಲದ ಕೆಲಸ ಹಿಡಿಸದ ಸ್ಥಳೀಯನು ಮರುದಿನ ಹೋಟೆಲಿನ ಅಡುಗೆಮನೆಯನ್ನೋ ಗೋದಾಮನ್ನೋ ಹುಡುಕಿಕೊಂಡು ಹೋಗಬಹುದು. ಆದರೆ ಎಚ್-2ಎ ಕೂಲಿಕಾರನ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟುಬಿದ್ದಿರುತ್ತದೆ, ಮಲಗುವ ಜಾಗವೂ ಅವನೇ ಕೊಟ್ಟದ್ದು, ಕೆಲಸ ಬಿಟ್ಟರೆ ಹೆಚ್ಚಾಗಿ ಊರಿಗೆ ಮರಳುವುದೇ ದಾರಿ. ಬಿಟ್ಟು ಹೋಗಲಾರದವನು ಸಿಗುತ್ತಿರುವವರೆಗೂ ಕೂಲಿ ಹೆಚ್ಚಿಸುವ ತುರ್ತು ಯಾರಿಗಿರುತ್ತದೆ? 1938ರಲ್ಲಿ ಕನಿಷ್ಠ ವೇತನದ ಕಾನೂನು ತಂದವರು ಕೃಷಿ ಕಾರ್ಮಿಕರನ್ನು ಅದರಿಂದ ಹೊರಗಿಟ್ಟರು. 1966ರ ತಿದ್ದುಪಡಿ ದೊಡ್ಡ ಹೊಲಗಳವರನ್ನು ಒಳಗೆ ತಂದರೂ, ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂಬ ಕೇಂದ್ರದ ನಿಯಮ ಅವರಿಗೆ ಇಂದಿಗೂ ಅನ್ವಯಿಸುವುದಿಲ್ಲ.

ಹಾಗೆಂದು ನಿನ್ನ ಆತಂಕ ಪೂರ್ತಿ ಹುಸಿಯಲ್ಲ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲಾರಿಡಾಕ್ಕೆ ಬಂದಿಳಿದಾಗ, ಮಯಾಮಿಯ ಸ್ಥಳೀಯರ ಕೂಲಿಗೆ ಪೆಟ್ಟು ಬೀಳಲಿಲ್ಲವೆಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಪ್ರೌಢಶಾಲೆ ಮುಗಿಸದವರನ್ನಷ್ಟೇ ಲೆಕ್ಕಕ್ಕೆ ಹಿಡಿದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಊರಿನಲ್ಲಿ ಕೂಲಿಯ ಭಾರೀ ಕುಸಿತ ಕಂಡರು. ಆ ಜಗಳ ಇನ್ನೂ ತೀರಿಲ್ಲ. ಆದರೆ ಹೊರಗಿನವರನ್ನು ತಡೆದರೆ ಕೂಲಿ ತಾನಾಗಿ ಏರುತ್ತದೆಂಬುದನ್ನು ನಾನು ನಂಬಲಾರೆ. 1942ರಿಂದ ಮೆಕ್ಸಿಕನ್ನರನ್ನು ಕರೆಸುತ್ತಿದ್ದ ಬ್ರಾಸೆರೊ ಒಪ್ಪಂದವನ್ನು 1964ರ ಕೊನೆಗೆ ನಿಲ್ಲಿಸಿದಾಗ, ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆಗೆ ಟೊಮೆಟೊ ಬೆಳೆಯುವವರು ಕೆಲವೇ ವರ್ಷಗಳಲ್ಲಿ ಕೊಯ್ಲಿನ ಯಂತ್ರಕ್ಕೆ ಹೊರಳಿದರು.

ಇನ್ನೊಂದು ಸಂಗತಿ ಹೇಳಲೇಬೇಕು. ಆ ರಾಜ್ಯದ ಲೆಟಿಸ್ ಸೊಪ್ಪಿನ ಹೊಲಗಳಲ್ಲಿ 'ಎಲ್ ಕೊರ್ತಿತೊ' ಎಂಬ ಗುದ್ದಲಿಯಿತ್ತು. ಅದರ ಹಿಡಿ ಒಂದು ಮೊಳದಷ್ಟೇ. ಕೂಲಿಯವರು ದಿನವಿಡೀ ಸೊಂಟ ಬಗ್ಗಿಸಿಯೇ ಸಾಲು ಮುಗಿಸಬೇಕಿತ್ತು, ಬೆನ್ನು ನೆಟ್ಟಗೆ ಮಾಡಿ ಅರೆಗಳಿಗೆ ನಿಂತವನು ದೂರದಿಂದಲೇ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಿದ್ದ. ಉದ್ದ ಹಿಡಿಯ ಗುದ್ದಲಿ ಕೊಟ್ಟರೆ ಎಳೆಯ ಸಸಿಗಳು ಹಾಳಾಗುತ್ತವೆಂದು ಬೆಳೆಗಾರರು ವಾದಿಸಿದರು. ಬೆನ್ನುಮೂಳೆ ಸವೆದು ಹೋಗುವುದೆಂದು ವೈದ್ಯರು ಸಾಕ್ಷಿ ನುಡಿದ ಮೇಲೆ, 1975ರಲ್ಲಿ ಅದನ್ನು ನಿಷೇಧಿಸಲಾಯಿತು. ಅಂದಿನಿಂದ ಕೂಲಿಯವರ ಕೈಗೆ ಉದ್ದ ಹಿಡಿಯ ಗುದ್ದಲಿ ಬಂತು. ಲೆಟಿಸ್ ಈಗಲೂ ಅಲ್ಲಿ ಬೆಳೆಯುತ್ತಿದೆ.

ಇಂತಿ,
ನಿನ್ನ ಗೆಳೆಯ